ಬೀಟೆಯ ಹೆಸರೂ ಗಿಟಾರಿನ ದನಿಯೂ

ಕಳೆದ ಬೇಸಿಗೆಯಲ್ಲಿ ರಾಮಥಾಳದ ನಮ್ಮ ಮನೆಯ ಗೋಡೆಯಿಂದ ಹಳೆಯ ಗಿಟಾರೊಂದನ್ನು ಕೆಳಗಿಳಿಸಿದೆ. ಧಾರವಾಡದಲ್ಲಿ ಓದುತ್ತಿದ್ದಾಗ ಕೊಂಡದ್ದು. ಓದು ಮುಗಿದು, ಮಾಸ್ತರಿಕೆ ದೊರೆತು, ಶಿರಸಿ ಸೀಮೆಯಲ್ಲಿ ನೆಲೆ ನಿಂತ ಈ 22 ವರ್ಷಗಳಲ್ಲಿ ಅದನ್ನು ಒಮ್ಮೆಯೂ ನುಡಿಸಿರಲಿಲ್ಲ. ಹುನಗುಂದದ ಕಡೆಯ ಬಿಸಿಲನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಎರೆಹೊಲ ಬಾಯ್ಬಿಟ್ಟಂತೆ ಅದರ ಮೇಲ್ಹಲಗೆ ಉದ್ದಕ್ಕೂ ಬಿರಿದಿತ್ತು. ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಅಂಟು ಬಿಟ್ಟು ಮೇಲೆದ್ದಿತ್ತು. ಪಡಸಾಲೆಯಲ್ಲಿ ಕುಳಿತಿದ್ದ ಕಾಕಾ, "ತಮ್ಮಾ, ಒಡಕ ಕೊಡ ಹಿಡಕೊಂಡು ನೀರು ತರಾಕ ಹೊಂಟೀಯಲ್ಲೊ" ಎಂದು ನಕ್ಕರು. ಕಾಕಾ ಏಕತಾರಿ ಹಿಡಿದು ತತ್ವಪದ ಹಾಡುವವರು. ಅವರ ಏಕತಾರಿಯ ಸೋರೆಬುರುಡೆ ಎರಡು ಸಲ ಒಡೆದಿದೆ. ಎರಡು ಸಲವೂ ಹೊಸ ಬುರುಡೆ ಕೂಡಿಸಿದ್ದಾರೆ, ದಂಡಿಗೆ ಮಾತ್ರ ಹಳೆಯದೇ. ನನ್ನ ಗಿಟಾರಿಗೆ ಆ ಭಾಗ್ಯವಿರಲಿಲ್ಲ. ಪದರ ಹಲಗೆಯ ಅಗ್ಗದ ವಾದ್ಯವದು. ರಿಪೇರಿಯ ಖರ್ಚು ಅದರ ಬೆಲೆಯನ್ನು ಮೀರುತ್ತಿತ್ತು.

ಬೆಟ್ಟದ ಕಾಡು, ನೀರು, ಸೊಪ್ಪು, ಸೌದೆಗಳ ಮಾತು ಬರುವ ಈ ಪುಟಗಳಲ್ಲಿ ಗಿಟಾರಿನ ಪ್ರಸ್ತಾಪವೇಕೆ ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮ ಬೆಟ್ಟದ ಮರವೊಂದರ ಹೆಸರನ್ನೇ ಮುಂದಿಟ್ಟು ಈ ವಾದ್ಯವನ್ನು ಮಾರಲಾಗುತ್ತಿದೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೊಸ ಗಿಟಾರು ಕೇಳಿದಾಗ ಮಾರಾಟಗಾರ ಯುವಕ ನನ್ನ ನರೆತ ತಲೆಯನ್ನು ನೋಡಿ, ದುಬಾರಿಯದೊಂದನ್ನೇ ಕೆಳಗಿಳಿಸಿದ. "ಸರ್, ಇದು ಒರಿಜಿನಲ್ ರೋಸ್‌ವುಡ್ರೀ. ಪ್ಲೈವುಡ್ ಹುಡುಗೂರಿಗೆ, ನಿಮಗಲ್ಲ." ನಿಜ ಹೇಳುತ್ತೇನೆ, ಆ ಮಾತಿಗೆ ನಾನು ಉಬ್ಬಿದೆ. ಕಾಲೇಜಿನಲ್ಲಿ ಕೊಳ್ಳಲಾಗದ್ದನ್ನು ಈಗಲಾದರೂ ಕೊಳ್ಳೋಣವೆಂಬ ಆಸೆ ನಡುವಯಸ್ಸಿನಲ್ಲಿ ಬಲವಾಗಿರುತ್ತದೆ. ಹಣವನ್ನು ಇನ್ನೇನು ಎಣಿಸಬೇಕು ಎನ್ನುವಾಗ ವಾದ್ಯದ ನಡುವಿನ ದುಂಡು ರಂಧ್ರದೊಳಗೆ ಇಣುಕಿದೆ. ಹಿಂಬದಿಯ ಹಲಗೆಯ ಹೊರಮುಖದಲ್ಲಿ ಬೀಟೆಯ ನೇರಳೆಗಪ್ಪು ಗೆರೆಗಳಿದ್ದವು. ಒಳಮುಖದಲ್ಲಿ ಅವು ಇರಲಿಲ್ಲ, ಯಾವುದೋ ಬಿಳಿ ಮರವಿತ್ತು. ಕಾಗದದಷ್ಟು ತೆಳುವಾದ ಬೀಟೆಯ ಹೊದಿಕೆಯನ್ನು ಪದರ ಹಲಗೆಗೆ ಅಂಟಿಸಲಾಗಿತ್ತು. ಇದು ಆ ಅಂಗಡಿಯೊಂದರ ಕಥೆಯಲ್ಲ. ಸಾಧಾರಣ ಬೆಲೆಯ ಗಿಟಾರುಗಳಲ್ಲಿ 'ರೋಸ್‌ವುಡ್' ಎಂದರೆ ಬಹುಮಟ್ಟಿಗೆ ಇದೇ ಅರ್ಥ. ಅಂದು ಬರಿಗೈಯಲ್ಲಿ ಹೊರಬಿದ್ದೆ.

ನಾವು ಬೀಟೆ ಎನ್ನುವ ಈ ಮರ ತೇಗದ ಜೊತೆಗೆ ಎಲೆಯುದುರುವ ಕಾಡುಗಳಲ್ಲಿ ಬೆಳೆಯುತ್ತದೆ. ಬಲಿಯಲು ಹಲವು ದಶಕಗಳು ಬೇಕು. ರೈತನ ಸ್ವಂತ ಜಮೀನಿನಲ್ಲಿ ನಿಂತಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಡಲಿ ಮುಟ್ಟಿಸುವಂತಿಲ್ಲ ಎಂಬುದು ನಮ್ಮವರಿಗೆಲ್ಲ ತಿಳಿದಿರುವ ಸಂಗತಿ. ಇಂಥ ಮರವು ಗಿಟಾರಿಗೆ ಹೋದದ್ದಕ್ಕೆ ಒಂದು ಹಿನ್ನೆಲೆಯಿದೆ. ಮೊದಲು ಪಾಶ್ಚಾತ್ಯ ತಯಾರಕರು ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು ಬಳಸುತ್ತಿದ್ದರು. ಅದು ದುರ್ಲಭವಾಗುತ್ತ ಬಂದು, ಆ ದೇಶ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿದಾಗ, ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ಉಳಿದವರು ಹಿಂಬಾಲಿಸಿದರು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ 1992ರಲ್ಲಿ ಬ್ರೆಜಿಲ್ ಮರದ ವಾಣಿಜ್ಯ ವ್ಯಾಪಾರ ನಿಷಿದ್ಧವಾಯಿತು. ಒಂದು ಕಾಡು ಬರಿದಾದಾಗ ಇನ್ನೊಂದು ಕಾಡಿನ ಬಾಗಿಲು ತಟ್ಟುವ ಈ ಕ್ರಮವನ್ನು ಮಲೆನಾಡಿನವರಿಗೆ ಹೊಸದಾಗಿ ಹೇಳಿಕೊಡಬೇಕೇ? 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಸೈಟಿಸ್ ನಿಯಂತ್ರಣದೊಳಗೆ ಬಂತು. ಸಂಗೀತಗಾರರು ಗಡಿ ದಾಟುವುದೇ ಕಷ್ಟವಾದ್ದರಿಂದ 2019ರ ಜಿನೀವಾ ಸಭೆಯಲ್ಲಿ ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ಕೊಡಲಾಯಿತು. ಮರಕ್ಕೆ ನಿಯಂತ್ರಣ ಹಾಗೆಯೇ ಉಳಿದಿದೆ. ನಮ್ಮ ಬೀಟೆ ಇಂದಿಗೂ ಅಪಾಯಕ್ಕೊಳಗಾಗಬಲ್ಲ ಜಾತಿಗಳ ಪಟ್ಟಿಯಲ್ಲಿದೆ.

ಇಷ್ಟು ಹೇಳಿ ಗಿಟಾರನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ರೋಸ್‌ವುಡ್ ಜಾತಿಗಳನ್ನು ಜಗತ್ತಿನಾದ್ಯಂತ ಹೆಚ್ಚು ನುಂಗಿದ್ದು ಪೀಠೋಪಕರಣಗಳು, ಅದರಲ್ಲೂ ಚೀನಾದ ಸಿರಿವಂತರ ಕೆಂಪು ಮರದ ಮೋಹ. ಒಂದು ಮಂಚಕ್ಕೆ ಹೋಗುವ ಮರದಲ್ಲಿ ಅನೇಕ ಗಿಟಾರುಗಳಾಗುತ್ತವೆ. ಒಳ್ಳೆಯ ಗಿಟಾರು ಐವತ್ತು ವರ್ಷ ಬಾಳುತ್ತದೆ, ಕೈಯಿಂದ ಕೈಗೆ ಹೋಗುತ್ತದೆ. ಮರವನ್ನು ಬಳಸಲೇಬೇಕೆಂದರೆ ವಾದ್ಯಕ್ಕಿಂತ ಗೌರವದ ಬಳಕೆ ಯಾವುದಿದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ನಾನು ಅವರೊಡನೆ ಜಗಳವಾಡಲಿಲ್ಲ. ನನ್ನ ತಕರಾರು ಬೇರೆ: ನಾವು ಬೀಟೆಗೆಂದು ತೆರುವ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಕಿವಿಗೆ ಏನು ದೊರೆಯುತ್ತದೆ?

ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ಇಂದಿನ ಗಿಟಾರಿನ ಆಕಾರವನ್ನು ರೂಪಿಸಿದ ಸ್ಪೇನಿನ ಅಂತೋನಿಯೊ ದೆ ತೊರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರನ್ನು ಕಟ್ಟಿದರು. ಮೇಲ್ಹಲಗೆ ಮರದ್ದು, ಹಿಂಬದಿ ಮತ್ತು ಪಕ್ಕೆಗಳು ಕಾಗದದ ರಟ್ಟಿನವು! ದನಿ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂಬುದನ್ನು ತೋರಿಸಲೆಂದೇ ಅವರು ಹೀಗೆ ಮಾಡಿದರು. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಬಾಬ್ ಟೇಲರ್ 1995ರಲ್ಲಿ, ಸರಕು ಸಾಗಿಸಿ ಬಿಸಾಡಿದ ಹಲಗೆ ಚೌಕಟ್ಟಿನ ಮರದಿಂದಲೇ ಗಿಟಾರು ಕಟ್ಟಿ ತಮ್ಮ ವೃತ್ತಿಬಾಂಧವರಿಗೆ ನುಡಿಸಿ ತೋರಿಸಿದರು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಸ್ಪಷ್ಟವಾದದ್ದು. ಒಂದೇ ಬಗೆಯ ಆರು ಗಿಟಾರುಗಳನ್ನು ಮಾಡಿಸಿ, ಹಿಂಬದಿ ಮತ್ತು ಪಕ್ಕೆಯ ಮರವನ್ನು ಮಾತ್ರ ಬದಲಿಸಲಾಯಿತು. ಬ್ರೆಜಿಲ್ ರೋಸ್‌ವುಡ್ ಇತ್ತು, ಭಾರತದ ಬೀಟೆಯಿತ್ತು, ಅಗ್ಗದ ಮರಗಳೂ ಇದ್ದವು. ಯಾವ ಮರವೆಂಬುದು ಕಾಣದಂತೆ ಮಾಡಿ 52 ಮಂದಿ ವಾದಕರ ಕೈಗೆ ಕೊಟ್ಟಾಗ ಅವರು ಆರಕ್ಕೂ ಹೆಚ್ಚು ಕಡಿಮೆ ಒಂದೇ ಮಟ್ಟದ ಅಂಕ ನೀಡಿದರು. ದನಿಯಿಂದ ಮರವನ್ನು ಗುರುತಿಸುವುದೂ ಅವರಿಗೆ ಸಾಧ್ಯವಾಗಲಿಲ್ಲ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ನನ್ನಂತೆ ವರ್ಷಗಳ ಬಳಿಕ ಮರಳುವವರಿಗೆ ನಾನು ಹೇಳುವುದು: ಮೊದಲು ಮೇಲ್ಹಲಗೆ, ಆಮೇಲೆ ತಂತಿಯ ಎತ್ತರ, ಆಮೇಲೆ ನಿಮ್ಮ ಹೆಗಲು. ಮೇಲ್ಹಲಗೆ ಅಖಂಡ ಮರದ್ದಾಗಿರಲಿ, ಸಾಮಾನ್ಯವಾಗಿ ಅದು ಸ್ಪ್ರೂಸ್ ಎಂಬ ಶೀತದೇಶದ ಮರ. ಪರೀಕ್ಷೆ ಸುಲಭ. ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಇಳಿದು ಬಂದಿದ್ದರೆ ಅಖಂಡ, ಪದರಗಳು ಕಂಡರೆ ಪ್ಲೈವುಡ್. 15ರಿಂದ 20 ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಇಂದು ಅಖಂಡ ಮೇಲ್ಹಲಗೆಯ ಗಿಟಾರು ದೊರೆಯುತ್ತದೆ. ಹಿಂಬದಿ ಯಾವ ಮರವಾದರೂ ಆಗಲಿ.

ತಂತಿಯ ಎತ್ತರವನ್ನು ನಮ್ಮಲ್ಲಿ ಯಾರೂ ಅಳೆಯುವುದಿಲ್ಲ, ಅನೇಕರು ಗಿಟಾರು ಬಿಡುವುದು ಇದರಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹನ್ನೆರಡನೆಯ ಮೆಟ್ಟಿಲಿನ, ಅಂದರೆ ಫ್ರೆಟ್ಟಿನ, ಮೇಲೆ ದಪ್ಪ ತಂತಿಯ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಸಣ್ಣ ತಂತಿಯದು ಸುಮಾರು ಎರಡು ಇರಬೇಕು. ಶಾಲೆಯ ಅಳತೆಪಟ್ಟಿ ಸಾಕು. ನನ್ನ ಹಳೆಯ ಗಿಟಾರಿನಲ್ಲಿ ಅದು ಐದನ್ನು ಮೀರಿತ್ತು. ಇಪ್ಪತ್ತರ ಹರೆಯದಲ್ಲಿ ಬೆರಳು ಒಡೆದರೂ ನುಡಿಸಿದ್ದೆ, ನನ್ನಲ್ಲೇ ಕೊರತೆಯಿದೆಯೆಂದು ಭಾವಿಸಿ ಕಡೆಗೆ ಬಿಟ್ಟೆ. ಕೊರತೆ ವಾದ್ಯದಲ್ಲಿತ್ತೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು! ಬ್ರಿಡ್ಜಿನ ಮೇಲಿನ ಪಟ್ಟಿಯನ್ನು ತುಸು ಉಜ್ಜಿ, ಕುತ್ತಿಗೆಯೊಳಗಿನ ಸರಳನ್ನು ತಿರುಗಿಸಿ ಹದಗೊಳಿಸುವ ಕುಶಲಿಗೆ ಕೊಡುವ ಸಾವಿರ ರೂಪಾಯಿ, ಬೀಟೆಗೆ ಕೊಡುವ ಹತ್ತು ಸಾವಿರಕ್ಕಿಂತ ಮೇಲು. ಮೊದಲ ತಿಂಗಳು ತೆಳು ತಂತಿಗಳನ್ನೇ ಹಾಕಿಸಿ. ದಿನಕ್ಕೆ ಕಾಲು ಗಂಟೆ ನುಡಿಸಿದರೆ ಬೆರಳ ತುದಿ ಮೂರು ನಾಲ್ಕು ವಾರಗಳಲ್ಲಿ ಗಟ್ಟಿಯಾಗುತ್ತದೆ. ಬೆರಳು ತೀರ ನೋಯುವವರಿಗೆ ನೈಲಾನ್ ತಂತಿಯ ಗಿಟಾರು ಉಂಟು. ಅದಕ್ಕೆ ಮಾತ್ರ ಉಕ್ಕಿನ ತಂತಿ ಹಾಕಬೇಡಿ, ಎಳೆತ ತಾಳದೆ ಹಲಗೆ ಎದ್ದುಬಿಡುತ್ತದೆ. ಅಂಗಡಿಯಲ್ಲಿ ಸಾಲಾಗಿ ನಿಂತಿರುವ ಅಗಲ ಒಡಲಿನ ಗಿಟಾರುಗಳೇ ಬೇಕೆಂದಿಲ್ಲ. ಬಲಗೈಯನ್ನು ಅದರ ಮೇಲೆ ಚಾಚಿ ಅರ್ಧ ಗಂಟೆ ಕುಳಿತರೆ ನಲವತ್ತು ದಾಟಿದವರ ಹೆಗಲು ಮಾತನಾಡತೊಡಗುತ್ತದೆ. ಸಣ್ಣ ಒಡಲಿನವು ಇವೆ, ಕೇಳಿ ಪಡೆಯಬೇಕು.

ನಮ್ಮ ಹವೆಯ ವಿಚಾರವನ್ನು ಅಂಗಡಿಯವರು ಹೇಳುವುದಿಲ್ಲ. ಮರದ ವಾದ್ಯಕ್ಕೆ ಶೇಕಡ 45ರಿಂದ 55ರಷ್ಟು ತೇವಾಂಶ ಹಿತ. ರಾಮಥಾಳದ ಏಪ್ರಿಲ್ ಅದಕ್ಕಿಂತ ಬಹಳ ಕೆಳಗೆ, ಶಿರಸಿಯ ಜುಲೈ ಬಹಳ ಮೇಲೆ. ಬಯಲುಸೀಮೆಯಲ್ಲಿ ಮರ ಕುಗ್ಗಿ ಬಿರಿಯುತ್ತದೆ. ಬೆಟ್ಟದಲ್ಲಿ ಉಬ್ಬಿ, ತಂತಿ ಮೇಲೆದ್ದು, ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಡನೆ ಮುಚ್ಚಿಡಿ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ, ಅದು ಅಡಿಕೆಗೆ ಸರಿ, ವಾದ್ಯಕ್ಕಲ್ಲ. ಬೇಸಿಗೆಯ ಬಯಲಿನಲ್ಲಿ ಸಾಬೂನಿನ ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಹಿಂಡಿದ ಸ್ಪಂಜನ್ನು ಅದರೊಳಗಿರಿಸಿ ಪೆಟ್ಟಿಗೆಯಲ್ಲಿಡಿ. ಇಷ್ಟು ನಿಗಾ ವಹಿಸಲಾರೆವು ಎನ್ನುವ ವಿದ್ಯಾರ್ಥಿ ಮಿತ್ರರು, ಹಾಸ್ಟೆಲ್ಲಿನಲ್ಲಿ ನಾಲ್ವರು ಹಂಚಿಕೊಂಡು ನುಡಿಸುವವರು, ಪದರ ಹಲಗೆಯದನ್ನೇ ಕೊಳ್ಳಲಿ. ಅದು ಹವೆಯನ್ನು ಹೆಚ್ಚು ತಾಳುತ್ತದೆ. ಆದರೆ ತಂತಿಯ ಎತ್ತರವನ್ನು ಸರಿಪಡಿಸಿಕೊಂಡೇ ನುಡಿಸಲಿ.

ಹಳೆಯದನ್ನು ಕೊಳ್ಳುವುದು ಎಲ್ಲಕ್ಕಿಂತ ಮೇಲು, ಆ ಗಿಟಾರಿಗಾಗಿ ಹೊಸ ಮರ ಬೀಳಬೇಕಾಗಿಲ್ಲ. ನಾನು ಕಡೆಗೆ ಕೊಂಡದ್ದೂ ಅಂಥದ್ದನ್ನೇ. ಬೆಳಗಾವಿಯಲ್ಲಿ, ಹರೆಯದ ಹುಡುಗನೊಬ್ಬ ಎರಡು ವರ್ಷ ಇಟ್ಟುಕೊಂಡು ಬೇಸತ್ತದ್ದು. ಬ್ರಿಡ್ಜಿನ ಹಿಂದೆ ಹಲಗೆ ಉಬ್ಬಿದೆಯೇ, ಬ್ರಿಡ್ಜಿನ ಅಡಿಯಲ್ಲಿ ತೆಳು ಕಾಗದ ತೂರುತ್ತದೆಯೇ, ಮೆಟ್ಟಿಲುಗಳಲ್ಲಿ ತಂತಿಯ ಕಚ್ಚುಗಳು ಆಳವಾಗಿವೆಯೇ ಎಂದು ನೋಡಿದೆ. ಒಂದನೆಯ ಮತ್ತು ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ದಪ್ಪ ತಂತಿಯನ್ನು ಒತ್ತಿ, ನಡುವೆ ಕೂದಲೆಳೆಯಷ್ಟು ಸಂದು ಉಳಿಯುವುದನ್ನು ಕಂಡು ಕುತ್ತಿಗೆ ನೆಟ್ಟಗಿದೆಯೆಂದು ಖಚಿತಪಡಿಸಿಕೊಂಡೆ. ಮೇಲ್ಹಲಗೆ ಅಖಂಡ ಸ್ಪ್ರೂಸ್. ಹಿಂಬದಿ ಯಾವ ಮರವೋ, ಆ ಹುಡುಗನಿಗೂ ಗೊತ್ತಿರಲಿಲ್ಲ.

ದೀಪಾವಳಿಗೆ ಅದನ್ನು ಊರಿಗೆ ಒಯ್ದಿದ್ದೆ. ಕಾಕಾ ಎರಡೂ ಕೈಯಲ್ಲಿ ಹಿಡಿದು, ಬೆರಳಿನಿಂದ ಮೇಲ್ಹಲಗೆಯನ್ನು ತಟ್ಟಿ ಕಿವಿಗೊಟ್ಟರು. "ಇದಕ್ಕ ಷಡ್ಜ ಪಂಚಮ ಐತೇನೊ?" ಎಂದರು. ಅತಿ ದಪ್ಪ ತಂತಿಯ ಬಿರಡೆಯನ್ನು ಸಡಿಲಿಸಿ ಒಂದು ಸ್ವರ ಕೆಳಗಿಳಿಸಿದೆ. ಹಾಗೆ ಮಾಡಿದರೆ ಕೆಳಗಿನ ಮೂರು ತಂತಿಗಳು ಸಾ, ಪಾ, ಮೇಲಿನ ಸಾ ಆಗುತ್ತವೆ, ಪೆಟ್ಟಿಗೆಯ ಬಿಳಿ ಎರಡರ ಶ್ರುತಿ. ಮೂರನ್ನೂ ಒಂದರ ಹಿಂದೊಂದು ಮೀಟುತ್ತ ಕುಳಿತೆ. ಕಾಕಾ ತುಸು ಹೊತ್ತು ಸುಮ್ಮನಿದ್ದು, ಏಕತಾರಿಯನ್ನು ಮೊಳೆಗೆ ತೂಗುಹಾಕಿ ಬಂದು, ಹಾಡಲು ಆರಂಭಿಸಿದರು.