ಡಯಾಲಿಸಿಸ್ ಮುಗಿಸಿ ಬಂದವರಿಗೆ ತಲೆನೋವೇ?

ಡಯಾಲಿಸಿಸ್‌ಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಈ ನೋಟ ನಿಮಗೆ ಹೊಸದಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋದ ಅತ್ತೆ ಮಧ್ಯಾಹ್ನ ಮರಳುತ್ತಾರೆ. ತಲೆಗೆ ಬಟ್ಟೆ ಬಿಗಿದುಕೊಂಡು, ಕಿಟಕಿ ಮುಚ್ಚಿ ಮಲಗಿಬಿಡುತ್ತಾರೆ. ಊಟ ಬೇಡ, ಮಾತೂ ಬೇಡ. ಯಾರೋ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಾರೆ. ಇನ್ನೊಬ್ಬರು ಎಳನೀರು ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಎರಡು ಕೆಲಸಗಳೂ ಅವರಿಗೆ ಅಪಾಯ ತರಬಲ್ಲವು.

ಈ ತಲೆನೋವು ಏಕೆ ಬರುತ್ತದೆ? ಎರಡು ಮೂರು ದಿನಗಳಲ್ಲಿ ದೇಹದಲ್ಲಿ ಸೇರಿದ ನೀರು ಮತ್ತು ಕಲ್ಮಶವನ್ನು ಯಂತ್ರವು ಸುಮಾರು 4 ಗಂಟೆಗಳಲ್ಲಿ ಹೊರತೆಗೆಯುತ್ತದೆ. ರಕ್ತದ ಯೂರಿಯಾ ಬೇಗ ಇಳಿಯುತ್ತದೆ, ಮೆದುಳಿನದ್ದು ಅಷ್ಟು ಬೇಗ ಇಳಿಯದು. ಆಗ ಮೆದುಳಿನ ಕಡೆಗೆ ನೀರು ಸರಿದು ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ. ಹೊಸದಾಗಿ ಡಯಾಲಿಸಿಸ್ ಆರಂಭಿಸಿದವರಿಗೂ, ನಡುವೆ ತಪ್ಪಿಸಿ ಮತ್ತೆ ಹೋದವರಿಗೂ ಇದು ಹೆಚ್ಚು. ರಕ್ತದೊತ್ತಡ ಏರಿದರೂ ಇಳಿದರೂ ತಲೆ ನೋಯಬಹುದು. ಪದೇ ಪದೇ ಚಹಾ, ಕಾಫಿ ಕುಡಿಯುವವರಲ್ಲಿ ಇನ್ನೊಂದು ಕಾರಣವಿದೆ. ಯಂತ್ರವು ರಕ್ತದಲ್ಲಿನ ಕೆಫೀನನ್ನೂ ತೆಗೆದುಬಿಡುತ್ತದೆ! ಡಯಾಲಿಸಿಸ್ ನಡೆಯುವಾಗ ಆರಂಭವಾಗಿ, ಮುಗಿದ 72 ಗಂಟೆಗಳೊಳಗೆ ಹೋಗುವ ನೋವನ್ನು ವೈದ್ಯರು ಡಯಾಲಿಸಿಸ್ ತಲೆನೋವು ಎಂದು ಗುರುತಿಸುತ್ತಾರೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಉಳಿದಿರುವ ಅಲ್ಪ ಮೂತ್ರಪಿಂಡ ಶಕ್ತಿಯನ್ನೂ ಕುಂದಿಸಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಹುದು. ಸಾಮಾನ್ಯವಾಗಿ ವೈದ್ಯರು ಪ್ಯಾರಾಸಿಟಮಾಲ್ ಸೂಚಿಸುತ್ತಾರೆ. ಪ್ರಮಾಣವನ್ನು ಅವರಿಂದಲೇ ಕೇಳಿಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ. ಅದು ರಕ್ತದಲ್ಲಿ ಹೆಚ್ಚಿದರೆ ಹೃದಯದ ಬಡಿತವೇ ತಪ್ಪಬಹುದು. ಖರ್ಜೂರ, ಬಾಳೆಹಣ್ಣಿಗೂ ಇದೇ ಎಚ್ಚರಿಕೆ. ರಮಝಾನ್‌ನಲ್ಲಿ ಉಪವಾಸ ಹಿಡಿಯುವೆನೆಂದು ಅವರು ಹಠ ಹಿಡಿದರೆ, ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಮೃದುವಾಗಿ ನೆನಪಿಸಿರಿ. ವೈದ್ಯರನ್ನು ಕೇಳದೆ ಉಪವಾಸ ಆರಂಭಿಸುವುದು ಬೇಡ.

ಹಾಗಾದರೆ ನೀವು ಮಾಡಬಹುದಾದುದೇನು? ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿಡಿ. ಉಪ್ಪು ಹೆಚ್ಚಿದರೆ ದಾಹ ಹೆಚ್ಚುತ್ತದೆ. ಕುಡಿದ ಒಂದು ಲೀಟರ್ ನೀರು ದೇಹದಲ್ಲೇ ಉಳಿದರೆ ತೂಕ ಒಂದು ಕಿಲೋ ಏರುತ್ತದೆ. ಅಷ್ಟನ್ನೂ ಯಂತ್ರವು ಅವಸರದಲ್ಲಿ ಎಳೆಯಬೇಕಾಗುತ್ತದೆ. ಒಂದು ಸಣ್ಣ ಪುಸ್ತಕದಲ್ಲಿ ಹೋಗುವಾಗಿನ ಮತ್ತು ಬರುವಾಗಿನ ತೂಕ, ರಕ್ತದೊತ್ತಡ, ನೋವು ಆರಂಭವಾದ ಸಮಯ ಬರೆದಿಡಿ. ಮುಂದಿನ ಸಲ ಅದನ್ನು ವೈದ್ಯರಿಗೆ ತೋರಿಸಿ. ಅದನ್ನು ನೋಡಿ ಅವರು ಯಂತ್ರದ ವೇಗ ತಗ್ಗಿಸಬಹುದು, ಅವಧಿ ಹೆಚ್ಚಿಸಬಹುದು, ಮಾತ್ರೆಯ ಸಮಯ ಬದಲಿಸಬಹುದು.

ಆದರೆ ತಲೆನೋವು ಹಠಾತ್ತಾಗಿ, ಹಿಂದೆಂದೂ ಬಾರದಷ್ಟು ತೀವ್ರವಾಗಿ ಬಂದರೆ, ಮಾತು ತೊದಲಿದರೆ, ಕೈಕಾಲು ಬಲ ಕಳಕೊಂಡರೆ, ಕಣ್ಣು ಮಂಜಾದರೆ, ಅಪಸ್ಮಾರ, ಮಂಪರು ಅಥವಾ ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದು ತಲೆಗೆ ಪೆಟ್ಟಾಗಿದ್ದರೂ ಹಾಗೆಯೇ. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರೆ. ಆದ್ದರಿಂದ ಒಳಗೆ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ ಒಂದು ಮಾತು. ಅನೇಕ ರೋಗಿಗಳು ನೋವನ್ನು ಯಾರಿಗೂ ಹೇಳುವುದಿಲ್ಲ. ಮನೆಯವರಿಗೆ ಇನ್ನೆಷ್ಟು ಹೊರೆಯಾಗಲಿ ಎಂಬ ಸಂಕೋಚ ಅವರದು. ಒಂದು ದಿನ "ಇವತ್ತು ನಾನು ಹೋಗುವುದಿಲ್ಲ" ಎಂದು ಕುಳಿತುಬಿಡುತ್ತಾರೆ. ತಪ್ಪಿದ ಆ ಒಂದು ಡಯಾಲಿಸಿಸ್ ತಲೆನೋವಿಗಿಂತ ಎಷ್ಟೋ ಪಾಲು ಅಪಾಯಕಾರಿ. ಆದ್ದರಿಂದ ಇವತ್ತೇ ಅವರ ಪಕ್ಕದಲ್ಲಿ ಕುಳಿತು, "ತಲೆ ನೋಯುತ್ತದೆಯೇ? ಯಾವಾಗಿನಿಂದ?" ಎಂದು ಕೇಳಿರಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.