ವಿಕಿಯ ವೇಷ ಯಾರ ಕೈಯಲ್ಲಿರಬೇಕು?

ವಿಕಿಪೀಡಿಯ ಓಡುತ್ತಿರುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಸ್ವಂತ ವಿಕಿ ನಡೆಸಬಹುದು. ಪುಟ ಹೇಗೆ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಸ್ಕಿನ್. ಮೊದಲು ಮೋನೋಬುಕ್ ಇತ್ತು, 2010ರಲ್ಲಿ ವೆಕ್ಟರ್ ಬಂತು. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ವೆಕ್ಟರ್ 2022ಕ್ಕೆ ಬದಲಾದಾಗ, ಸಾಲಿನ ಅಗಲಕ್ಕೆ ಮಿತಿ ಹಾಕಿದ್ದರ ಬಗ್ಗೆ ಸಂಪಾದಕರ ನಡುವೆ ದೊಡ್ಡ ಜಗಳವೇ ಆಯಿತು. ಹಳೆಯ ವೆಕ್ಟರ್ ಇಷ್ಟಪಡುವವರು ಅದನ್ನು ತಮ್ಮ ಆಯ್ಕೆಗಳಲ್ಲಿ ಈಗಲೂ ಇಟ್ಟುಕೊಳ್ಳಬಹುದು.

ಸ್ಕಿನ್ ಯಾವುದಾದರೂ ಇರಲಿ, ಅದರ ಮೇಲೆ ತಮ್ಮ ಛಾಪು ಒತ್ತಬೇಕೆನ್ನುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಒಂದು, 'ಕಾಮನ್.ಸಿಎಸ್‌ಎಸ್' ಎಂಬ ವಿಕಿ ಪುಟದಲ್ಲೇ ನಿಯಮ ಬರೆದು ಸ್ಕಿನ್ನಿನ ಮಾತನ್ನು ಮೀರುವುದು. ಇನ್ನೊಂದು, ತಂತ್ರಾಂಶವೇ ಕೊಟ್ಟಿರುವ ಬಣ್ಣದ, ಅಂತರದ ವೇರಿಯಬಲ್‌ಗಳನ್ನು ಮಾತ್ರ ಬಳಸುವುದು. ವಿಕಿಮೀಡಿಯದ ವಿನ್ಯಾಸ ವ್ಯವಸ್ಥೆಯಾದ ಕೋಡೆಕ್ಸ್ ಇವನ್ನು ಟೋಕನ್ ಎನ್ನುತ್ತದೆ. ಪೂರ್ತಿ ಹೊಸ ಸ್ಕಿನ್ ಬರೆಯುವ ಮೂರನೆಯ ದಾರಿಯೂ ಇದೆ. ಆದರೆ ತಂತ್ರಾಂಶದ ಪ್ರತಿ ಹೊಸ ಆವೃತ್ತಿಗೂ ಅದನ್ನು ಒಗ್ಗಿಸುತ್ತ ಕೂರುವ ಪುರುಸೊತ್ತು ಸಣ್ಣ ತಂಡಗಳಿಗೆ ಇರುವುದಿಲ್ಲ.

ಮೊದಲ ದಾರಿಯ ಸುಖ ದೊಡ್ಡದು. ಸರ್ವರ್ ಮುಟ್ಟಬೇಕಿಲ್ಲ, ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಪುಟ ಉಳಿಸಿದ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಓದುಗರಿಗೂ ಬದಲಾವಣೆ ಕಾಣುತ್ತದೆ. ಕೆಟ್ಟರೆ ಇತಿಹಾಸದಿಂದ ಹಿಂದಕ್ಕೆ ತರಬಹುದು. (ಈ ಪುಟಗಳನ್ನು ತಿದ್ದುವ ಅಧಿಕಾರವನ್ನು 2018ರಲ್ಲಿ ಸಾಮಾನ್ಯ ನಿರ್ವಾಹಕರಿಂದ ಬೇರ್ಪಡಿಸಿ ಕೆಲವರಿಗಷ್ಟೇ ಕೊಟ್ಟರು. ಅದಕ್ಕೆ ಕಾರಣ ಅಂದಚೆಂದವಲ್ಲ, ಭದ್ರತೆ.) ಆದರೆ ಇಂಥ ನಿಯಮಗಳು ಸ್ಕಿನ್ನಿನ ಒಳಗಿನ ಹೆಸರುಗಳನ್ನು ನಂಬಿಕೊಂಡಿರುತ್ತವೆ. ಆ ಹೆಸರು ಹಾಗೆಯೇ ಉಳಿಯುತ್ತದೆಂದು ಯಾರೂ ಮಾತು ಕೊಟ್ಟಿರುವುದಿಲ್ಲ. ಸ್ಕಿನ್ ಬದಲಾದ ದಿನ ಅರ್ಧ ನಿಯಮಗಳು ಸದ್ದಿಲ್ಲದೆ ಸಾಯುತ್ತವೆ, ಉಳಿದರ್ಧ ಬೇಡದ ಕಡೆ ಬಣ್ಣ ಚೆಲ್ಲುತ್ತವೆ.

ಇದು ಎದ್ದು ಕಂಡದ್ದು 2024ರಲ್ಲಿ, ವಿಕಿಪೀಡಿಯಕ್ಕೆ ಡಾರ್ಕ್ ಮೋಡ್ ಬಂದಾಗ. ವರ್ಷಗಳಿಂದ ಸಂಪಾದಕರು ಟೆಂಪ್ಲೇಟ್‌ಗಳಲ್ಲಿ ಹಿನ್ನೆಲೆಗೆ ತಿಳಿ ಬೂದು ಎಂದು ನೇರವಾಗಿ ಬರೆದಿದ್ದರು. ಅಕ್ಷರದ ಬಣ್ಣ ಬರೆಯುವ ಅಗತ್ಯ ಬಿದ್ದಿರಲಿಲ್ಲ, ಅದು ಕಪ್ಪೇ ತಾನೆ! ಡಾರ್ಕ್ ಮೋಡ್‌ನಲ್ಲಿ ಅಕ್ಷರ ತಿಳಿಯಾಯಿತು, ಹಿನ್ನೆಲೆ ಮಾತ್ರ ಹಾಗೇ ಉಳಿಯಿತು. ತಿಳಿ ಬೂದಿನ ಮೇಲೆ ತಿಳಿ ಬೂದು, ಓದುವುದು ಹೇಗೆ? ಟೋಕನ್ ಬಳಸಿದ್ದ ಕಡೆ ಎರಡೂ ಒಟ್ಟಿಗೇ ಬದಲಾದವು. ಬಣ್ಣದ ಮಟ್ಟಿಗೆ ನನ್ನ ಮತ ಟೋಕನ್‌ಗೇ.

ಲಿಪಿಯ ವಿಷಯ ಬಂದಾಗ ನನ್ನ ಮತ ಅಷ್ಟು ಗಟ್ಟಿಯಿಲ್ಲ. ರೋಮನ್ ಲಿಪಿಯ ಶೀರ್ಷಿಕೆಗೆ ಅಕ್ಷರ ಗಾತ್ರದ 1.2 ಅಥವಾ 1.3 ಪಟ್ಟು ಸಾಲೆತ್ತರ ಸಾಕು. ಕನ್ನಡದಲ್ಲಿ 'ರಾಷ್ಟ್ರೀಯ' ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ. ಶೀರ್ಷಿಕೆ ಎರಡನೆಯ ಸಾಲಿಗೆ ಹೋದರೆ ಆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ, ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತವೆ. ಕೋಡೆಕ್ಸ್‌ನಲ್ಲಿ ಸಾಲೆತ್ತರಕ್ಕೂ ಟೋಕನ್‌ಗಳಿವೆ ನಿಜ, ಆದರೆ ಎಲ್ಲ ಲಿಪಿಗೂ ಒಂದೇ ಅಳತೆ ಹೊಂದುವುದಿಲ್ಲ. ಹಾಗಾಗಿ ಕನ್ನಡ ವಿಕಿ ನಡೆಸುವವರು ಟೋಕನ್ ಬದಿಗಿಟ್ಟು, ಭಾಷೆ ಕನ್ನಡವಾದರೆ ಮಾತ್ರ ಅನ್ವಯಿಸುವ ಒಂದು ನಿಯಮ ಬರೆದರೆ ಅದನ್ನು ಅಶಿಸ್ತು ಎನ್ನಲಾರೆ.

ಮೀಡಿಯಾವಿಕಿಯೇ ಈ ಕೆಲಸ ಮಾಡಿದೆ. ಕನ್ನಡ, ಹಿಂದಿ, ಬಂಗಾಳಿ ಸೇರಿ ಹಲವು ಭಾಷೆಗಳ ಮೊದಲ ಹಂತದ ಶೀರ್ಷಿಕೆಗೆ ಅದರ ಮೂಲ ಸ್ಟೈಲ್‌ಶೀಟ್ 1.6 ಪಟ್ಟು ಸಾಲೆತ್ತರ ಕೊಟ್ಟು, ಯಾವ ಸ್ಕಿನ್ನೂ ಮೀರದಿರಲೆಂದು 'ಇಂಪಾರ್ಟೆಂಟ್' ಮುದ್ರೆ ಒತ್ತಿದೆ. ಶಿಸ್ತಿನ ಪಂಡಿತರು ಬೇಡವೆನ್ನುವ ಪದವದು. ಆದರೆ ಅದು ಮೂಲದಲ್ಲೇ ಇರುವುದರಿಂದ ಒಂದೊಂದು ವಿಕಿಯೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕಿಲ್ಲ. ಸ್ಥಳೀಯ ಪುಟದಲ್ಲಿ ಬರೆದ ತೇಪೆ ಕೆಲಸ ಮಾಡಿದರೆ ಅಲ್ಲಿಗೇ ಬಿಡದೆ ಮೂಲ ಯೋಜನೆಗೆ ಕಳಿಸುವುದು ಲೇಸು. ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿದೀತು. ಅಲ್ಲಿಯವರೆಗೆ ಕಾಮನ್.ಸಿಎಸ್‌ಎಸ್‌ನ ಆ ಸಾಲಿನ ಪಕ್ಕ, ಯಾಕೆ ಬರೆದದ್ದು, ಯಾವಾಗ ತೆಗೆಯಬಹುದು ಎಂದು ಒಂದು ಟಿಪ್ಪಣಿ ಇರಲಿ.