ಅಜ್ಜನ ಬೆವರಿನ ಬೆಲೆ

"ನಮ್ಮಜ್ಜ ಜೀವಮಾನವೆಲ್ಲ ಹೊಲದಾಗ ದುಡಿದ. ಕಡೀಗೆ ಗಳಿಸಿದ್ದೇನು?" ಬ್ಯಾಡಗಿ ಸೀಮೆಯ ಮೊಮ್ಮಗನೊಬ್ಬ ಹೀಗೆ ಕೇಳಿದರೆ ಅದನ್ನು ಉದ್ಧಟತನವೆಂದು ತಳ್ಳಿಹಾಕುವುದು ಸುಲಭ. ಆದರೆ ಉತ್ತರ ಹೇಳುವುದು ಹಿರಿಯರ ಧರ್ಮ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಖಾರ ಕಡಿಮೆ, ಬಣ್ಣ ಕಡುಗೆಂಪು. ಅಡುಗೆಯ ಮಸಾಲೆಯಿಂದ ತುಟಿಬಣ್ಣದವರೆಗೆ ಅದರ ಕೆಂಪಿಗೆ ಬೇಡಿಕೆಯಿದೆ. ಈ ಕೀರ್ತಿ ಒಂದು ಹಂಗಾಮಿನ ಬೆಳೆಯಲ್ಲ. ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆಂದು ಎತ್ತಿಟ್ಟ ಅಜ್ಜಿಯರು, ಕಣದಲ್ಲಿ ಹರವಿದ ರಾಶಿಯನ್ನು ಮೋಡ ಕಂಡೊಡನೆ ಅರ್ಧರಾತ್ರಿ ಎದ್ದು ಮುಚ್ಚಿದ ಅಜ್ಜಂದಿರು, ಇವರ ತಲೆಮಾರುಗಳ ಆರೈಕೆ ಅದರಲ್ಲಿದೆ.

ಹಾಗೆಂದು ಮೊಮ್ಮಗನ ಪ್ರಶ್ನೆ ಸುಳ್ಳಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಯಿತು, ವಾಹನಗಳು ಸುಟ್ಟವು. ಬೆಂಕಿ ಹಚ್ಚುವುದು ಧರ್ಮವಲ್ಲ. ಬೆವರಿಗೆ ತಕ್ಕ ಬೆಲೆ ಕೊಡದಿರುವುದೂ ಧರ್ಮವಲ್ಲ. ದುಡಿದವನಿಗೆ ಯಶಸ್ಸು ತಪ್ಪದೆಂದು ಬೋಧಿಸಿ ಸುಮ್ಮನಾದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಉಳಿದರ್ಧವನ್ನು ಈ ನೆಲದ ಗುರುಪರಂಪರೆಯೇ ತೋರಿಸಿದೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1867ರಲ್ಲಿ ಜನಿಸಿದ್ದು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ. 1909ರಲ್ಲಿ ಶಿವಯೋಗ ಮಂದಿರ ಕಟ್ಟಿದ ಅವರು, ಅಂಧ ಬಾಲಕನೊಬ್ಬನ ಕಂಠಸಿರಿ ಗುರುತಿಸಿ ಸಂಗೀತಾಭ್ಯಾಸಕ್ಕೆ ಆಸರೆಯಾದರು. ಆ ಬಾಲಕನೇ ಪಂಚಾಕ್ಷರಿ ಗವಾಯಿ. ಅವರು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. ಆ ಮಕ್ಕಳಲ್ಲೊಬ್ಬರು ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿ. ನಾಡು ಅವರನ್ನು 'ಅಜ್ಜ' ಎಂದೇ ಕರೆಯಿತು. 2010ರಲ್ಲಿ ಪದ್ಮಭೂಷಣ ಬಂತು. ಬೀಜ ಬಿತ್ತಿದ ಕುಮಾರ ಸ್ವಾಮಿಗಳು ಲಿಂಗೈಕ್ಯರಾಗಿದ್ದು 1930ರಲ್ಲಿ. ಫಲ ಕಾಣಲಿಲ್ಲವೆಂದು ಅವರ ದುಡಿಮೆ ಸೋತಿತೆನ್ನಲಾದೀತೇ?

ಕಾಯಕಕ್ಕೂ ಕೂಲಿಗೂ ಇರುವ ಅಂತರ ಇದೇ. ಕೂಲಿ ಸಂಜೆಗೆ ಕೈಸೇರುತ್ತದೆ. ಕಾಯಕದ ಫಲ ಕೆಲವೊಮ್ಮೆ ಮೂರನೆಯ ತಲೆಮಾರಿನ ಅಂಗಳದಲ್ಲಿ ಬಿಡುತ್ತದೆ. ಆ ಫಲವನ್ನೇ ಉಣ್ಣುತ್ತಿರುವ ಮೊಮ್ಮಗ "ಅಜ್ಜ ಗಳಿಸಿದ್ದೇನು" ಎಂದರೆ, ಗಳಿಕೆ ತಾನೇ ಎಂಬುದನ್ನು ಮರೆತಿದ್ದಾನೆ.

ಮೊಮ್ಮಕ್ಕಳು ಬೆಂಗಳೂರಿಗೆ ಹೋಗಲಿ, ಓದಲಿ, ನೌಕರಿ ಹಿಡಿಯಲಿ. ಹೊಲಕ್ಕೇ ಅಂಟಿಕೊಳ್ಳಬೇಕೆಂದು ಯಾವ ಅಜ್ಜನೂ ಬಯಸುವುದಿಲ್ಲ. ಕೈಗೆತ್ತಿಕೊಂಡ ಕೆಲಸದಲ್ಲಿ ಅಜ್ಜನ ಆ ನಿಷ್ಠೆ ಇರಲಿ, ಅಷ್ಟೇ. ಕೊಳ್ಳುವವರೂ ಆಳುವವರೂ ಇನ್ನೊಂದು ಮಾತು ನೆನಪಿಡಲಿ: ಕಾಯಕ ಮಾಡುವುದು ಅಜ್ಜನ ಪಾಲಿನ ಧರ್ಮವಾದರೆ, ಆ ಬೆವರನ್ನು ಅಗ್ಗವಾಗಿಸದಿರುವುದು ನಮ್ಮ ಪಾಲಿನ ದಾಸೋಹ.